ನೀಲಿ ಹರಡಿದ ದಾರಿ

"ಏನ್ ಡಾಕ್ಟ್ರೇ, ಬಸ್ ಹೊರಟೋಗ್ತಿದ್ಯಾ?"

ಸಿರಿಂಜಿನ ಇಪ್ಪತ್ತು ಎಂಎಲ್ ನೀಲಿ ಬಣ್ಣವನ್ನು ಒಂದೇ ಉಸಿರಿಗೆ ಒತ್ತಿ ಮುಗಿಸಿದ್ದ ನಿದ್ದೆ ಡಾಕ್ಟರ್ ತಲೆಯೆತ್ತಿದ. ಅರಿವಳಿಕೆ ಕೊಡುವವನಿಗೆ ಆಸ್ಪತ್ರೆಯವರು ಇಟ್ಟ ಹೆಸರದು. ಮೇಜಿನಾಚೆ ನಿಂತಿದ್ದವಳು ಕತ್ತರಿ ಮೇಡಂ, ಅಂಗರಚನೆ ಕಲಿಸುವವಳು. ಮಾಸ್ಕಿನ ಮೇಲೆ ಎರಡು ಕಣ್ಣಷ್ಟೇ ಕಾಣುತ್ತಿದ್ದವು, ಅವು ನಗುತ್ತಿದ್ದವು.

ಸೊಂಟದ ಹಿಂದೆ ಚುಚ್ಚಿದ ಔಷಧಿ ಸ್ನಾಯುಗಳ ನಡುವೆ ಎಲ್ಲಿಯವರೆಗೆ ಹರಿಯುತ್ತದೆಂದು ನೋಡಲು ಇಬ್ಬರೂ ಮೂರು ತಿಂಗಳಿಂದ ದಾನವಾಗಿ ಬಂದ ಮೃತದೇಹಗಳ ಮೇಲೆ ಕೆಲಸ ಮಾಡುತ್ತಿದ್ದರು. ಅವನು ಔಷಧಿಯ ಬದಲು ಬಣ್ಣ ಚುಚ್ಚುವುದು, ಅವಳು ಬಿಡಿಸಿ ನೋಡುವುದು.

"ತಾತ, ಸ್ವಲ್ಪ ಸಹಿಸ್ಕೊಳ್ಳಿ," ಎಂದು ಮೇಜಿನ ಮೇಲಿದ್ದ ಹಿರಿಯರಿಗೆ ಹೇಳಿ ಅವಳು ಪದರಗಳನ್ನು ಸರಿಸಿದಳು. ನೀಲಿಯೆಲ್ಲ ಸೂಜಿಯ ಸುತ್ತಲೇ ಮಡುಗಟ್ಟಿತ್ತು.

"ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ನೋಡಿ, ನರ ಬೆಳ್ಳಗೇ ಇದೆ."

ಅವನಿಗೆ ಮುಖ ಮುಚ್ಚಿಕೊಳ್ಳುವಂತಾಯಿತು.

"ಸೊಂಟದ ಇನ್ನೊಂದು ಕಡೆ ನಿಧಾನಕ್ಕೆ ಮಾಡಿ. ಮೊದ್ಲು ಬರೀ ಸಲೈನ್ ಬಿಟ್ಟು ದಾರಿ ಮಾಡ್ಕೊಳ್ಳಿ. ಆಮೇಲೆ ಸ್ವಲ್ಪ ಸ್ವಲ್ಪ. ನಾನ್ ಹೇಳಿದಾಗ ನಿಲ್ಸಿ."

ಅವಳು 'ಹೂಂ' ಎಂದಾಗ ಒತ್ತಿದ, 'ಸಾಕು' ಎಂದಾಗ ನಿಂತ. ಆ ಎರಡು ಮಾತು ಕೇಳಿಕೊಂಡೇ ಆಯುಷ್ಯ ಕಳೆಯಬಹುದು ಅನ್ನಿಸಿತು.

ಈ ಸಲ ಬಿಡಿಸಿದಾಗ ಇಬ್ಬರೂ ಬಗ್ಗಿ ನೋಡಿದರು. ನೀಲಿ ತೆಳ್ಳಗೆ ಮೇಲೆ, ಕೆಳಗೆ, ಮುಂದಕ್ಕೆ ಹರಡಿ ಮೂರು ನರಗಳನ್ನೂ ಮೆಲ್ಲಗೆ ಸವರಿತ್ತು. ಇಷ್ಟು ನಾಜೂಕಾದ ದಾರಿ ಪ್ರತಿಯೊಬ್ಬರ ಬೆನ್ನಿನಲ್ಲೂ ಇದೆ! ತನ್ನಲ್ಲೂ, ಅವಳಲ್ಲೂ. ಅವನ ಮೈ ಜುಮ್ಮೆಂದಿತು.

ಅವಳ ಕಣ್ಣು ತುಂಬಿತ್ತು.

"ನಾಳೆ ನಮ್ಮಮ್ಮನ ತೊಡೆ ಮೂಳೆ ಆಪರೇಷನ್," ಎಂದಳು. "ಹಾರ್ಟ್ ವೀಕು. ಪೂರ್ತಿ ಮಲಗ್ಸೋದು ಅಪಾಯ ಅಂದಿದಾರೆ. ಹೀಗೇ ಕೊಡ್ಬೇಕು. ನೀವೇ ಕೊಡ್ಬೇಕು."

ಅವನು ಸಿರಿಂಜು ಕೆಳಗಿಟ್ಟ. "ಮೊದಲ್ನೇದು ಹಾಳ್ಮಾಡಿದ್ದು ನೋಡಿದ್ರಲ್ಲ?"

"ಎರಡ್ನೇದೂ ನೋಡ್ದೆ."

ಮರುದಿನ ಬೆಳಿಗ್ಗೆ ಅಮ್ಮ ಮಗ್ಗುಲಾಗಿ ಮಲಗಿದ್ದರು, ಮಗಳು ಅವರ ಕೈ ಹಿಡಿದು ನಿಂತಿದ್ದಳು.

"ನಮ್ಮನೇಲಿ ದಿನಾ ಊಟಕ್ಕೆ ಕೂತಾಗ ಮಾತಲ್ಲಿ ಬರೋ ಡಾಕ್ಟ್ರು ನೀನೇನಾ?"

"ಅಮ್ಮಾ!"

ಮಗಳ ಕಿವಿ ಕೆಂಪಾಯಿತು. ಅವನು ಅಮ್ಮನ ಸೊಂಟದ ಹಿಂದೆ ಸೂಜಿ ಇಳಿಸಿದ. ಸ್ಕ್ಯಾನಿನ ಪರದೆಯ ಮೇಲೆ ಕಪ್ಪು ಗೆರೆಯೊಂದು ಪದರಗಳ ನಡುವೆ ಬಾಯ್ದೆರೆಯಿತು. ಸ್ವಲ್ಪ ಒತ್ತಿದ, ನಿಂತ. ಮತ್ತೆ ಸ್ವಲ್ಪ. ಜೀವಂತ ಮೈಯೊಳಗೆ ಔಷಧಿ ಮುಂದಕ್ಕೆ ಹರಿಯುವುದನ್ನು ಇಬ್ಬರೂ ರೆಪ್ಪೆ ಬಡಿಯದೆ ನೋಡಿದರು.

ಇಪ್ಪತ್ತೈದು ನಿಮಿಷ ಕಾದರು. ಅಷ್ಟು ದೀರ್ಘವಾದ ಇಪ್ಪತ್ತೈದು ನಿಮಿಷ ಅವನ ಜನ್ಮದಲ್ಲಿರಲಿಲ್ಲ. ಕೊನೆಗೆ ಅವಳೇ ತೊಡೆಯ ಮೇಲೆ ಐಸ್ ಇಟ್ಟಳು.

"ತಣ್ಣಗಿದ್ಯಾ ಅಮ್ಮ?"

"ಯಾವುದು? ಇನ್ನೂ ಇಡ್ಲೇ ಇಲ್ವಲ್ಲ."

ಅವಳು ಅಳುತ್ತ ನಕ್ಕಳು. ಅವನು ಅವಳ ಪಕ್ಕಕ್ಕೆ ಬಂದು ಪಿಸುಗುಟ್ಟಿದ, "ಎಲ್ಲಾ ಮುಗಿದ್ಮೇಲೆ ಅಮ್ಮನ ಹತ್ರ ಒಂದು ಮಾತು ಕೇಳ್ಬೇಕು. ನಿಮ್ಮ ಬಗ್ಗೆ. ಕೇಳ್ಲಾ?"

ಅವಳು ಅವನ ಕೈ ಹಿಡಿದುಕೊಂಡಳು.

"ತೊಡೆ ಮರಗಟ್ಟಿದೆ, ಕಿವಿ ಚೆನ್ನಾಗೇ ಇದೆ," ಎಂದರು ಅಮ್ಮ. "ಈಗ್ಲೇ ಕೇಳಪ್ಪ."

ಅವನು ಕೇಳಿದ.