ಆರನೇ ಫ್ಲೋರಿನ ಬಣ್ಣ

"ಚಿನ್ನದ್ದು ಬ್ಯಾಡ," ಎಂದಳು ಸಪ್ನಾ. ಬರೀ ಹೇಳಿದ್ದಲ್ಲ, ಮೇಜಿನ ಮೇಲೆ ಥಳಥಳ ಹೊಳೆಯುತ್ತಿದ್ದ ಶೀಟಿನ ಮೇಲೆ ಎರಡೂ ಕೈ ಊರಿ ನಿಂತಳು.

ಸೊಸೈಟಿಯ ಸೆಕ್ರೆಟರಿ ಸಿದ್ದಲಿಂಗಪ್ಪ ಕಾಕಾ ತಿರುಗಿ ನೋಡಿದರು. "ಏ ಹುಡುಗಿ, ನಿನ್ನ ಯಾರು ಕರದ್ರು ಇಲ್ಲಿಗೆ?"

"ಯಾರೂ ಕರದಿಲ್ಲರಿ. ನಾನಾ ಬಂದೀನಿ."

ಅದು ವಡಾಲ ಸ್ಟೇಷನ್ ಹತ್ತಿರ ಪ್ರೀತಮ್ ಅಣ್ಣನ ಬೋರ್ಡ್ ಅಂಗಡಿ. ಹಳೆಯ ಚಾಳು ಕೆಡವಿ ಕಟ್ಟಿದ ಸೊಸೈಟಿಯ ಹೊಸ ಬಿಲ್ಡಿಂಗಿನ ಹದಿನಾಲ್ಕು ಫ್ಲೋರ್‌ಗೂ ನಂಬರ್ ಬೋರ್ಡ್ ಆಗಬೇಕಿತ್ತು. ಅಕ್ರಿಲಿಕ್ ತುಂಡುಗಳ ಮೇಲೆ ಒಂದರಿಂದ ಹದಿನಾಲ್ಕರವರೆಗೆ ಕಪ್ಪು ಅಂಕಿ ಪ್ರಿಂಟ್ ಆಗಿ ಬಂದಿತ್ತು. ಹಿಂದೆ ಯಾವ ಶೀಟ್ ಅಂಟಿಸುವುದು ಎಂಬುದಷ್ಟೇ ಬಾಕಿ.

"ಅಕ್ರಿಲಿಕ್ ಅಂದ್ರೆ ಗ್ಲಾಸಿನ ಹಾಗೆ, ಆಚೆದೆಲ್ಲ ಕಾಣ್ತದೆ," ಎಂದ ಪ್ರೀತಮ್ ಅಣ್ಣ. "ಹಿಂದೆ ಎಂತ ಅಂಟಿಸ್ತೇವೋ ಅದೇ ಬೋರ್ಡಿನ ನಸೀಬು. ಬೇಗ ಡಿಸೈಡ್ ಮಾಡಿ."

"ಒಂದೊಂದು ಫ್ಲೋರ್‌ಗೆ ಒಂದೊಂದು ಕಲರ್ ಹಾಕ್ರಿ," ಎಂದಳು ಸಪ್ನಾ. "ನಮ್ಮ ಸಿಕ್ಸ್ತ್ ಫ್ಲೋರ್‌ಗೆ ರೆಡ್."

"ಇದೇನು ಬಾಲವಾಡಿ ಏನು?" ಕಾಕಾ ಗದರಿದರು. "ನಲವತ್ತು ವರ್ಷ ಒಂದ ಖೋಲಿ ಚಾಳಿನಾಗ ಇದ್ವಿ. ಇನ್ನರ ಬಂದ ಮಂದಿ ನೋಡಿ ಟವರ್ ಅನ್ನಬೇಕು. ಎಲ್ಲಾದಕ್ಕೂ ಚಿನ್ನದ್ದ."

"ನಮ್ಮ ಅಜ್ಜಿಗೆ ನಂಬರ್ ಓದಾಕ ಬರಂಗಿಲ್ಲರಿ."

"ನೀ ಸಾಲಿಗೆ ಹೋಗ್ತೀಯಲ್ಲ, ಕಲಿಸು."

"ಆಕಿ ಕಲಿಯೂತನಕ ಕಳ್ಳಿ ಅನ್ನಿಸ್ಕೋಬೇಕೇನ್ರಿ?"

ಸೋಮವಾರದ ಸಂಗತಿ ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಭಾಜಿ ತರಲು ಹೋಗಿದ್ದ ಚನ್ನವ್ವ ಅಜ್ಜಿ, ಲಿಫ್ಟಿನಲ್ಲಿದ್ದವರು ಇಳಿದರೆಂದು ತಾನೂ ಒಂಬತ್ತನೇ ಫ್ಲೋರ್‌ನಲ್ಲಿ ಇಳಿದುಬಿಟ್ಟಿದ್ದಳು. ಎಲ್ಲ ಫ್ಲೋರೂ ಒಂದೇ ಥರ. ಅದೇ ಬಿಳಿ ಗೋಡೆ, ಅದೇ ಕಂದು ಬಾಗಿಲು. ಯಾರದೋ ಬೀಗಕ್ಕೆ ತನ್ನ ಕೀಲಿ ಹಾಕಿ ತಿರುವುತ್ತಿದ್ದಾಗ ಒಳಗಿನಿಂದ "ಚೋರ್, ಚೋರ್" ಎಂಬ ಕೂಗು ಎದ್ದಿತು. ವಾಚ್‌ಮನ್ ಓಡಿ ಬಂದು ಅಜ್ಜಿಯ ಚೀಲ ಬಿಚ್ಚಿಸಿ ನೋಡಿದ. ಮೆಂತ್ಯೆ ಸೊಪ್ಪು ಇತ್ತು.

ಅಂದಿನಿಂದ ಅಜ್ಜಿ ಕೆಳಗೆ ಇಳಿದಿಲ್ಲ. ಚಾಳಿನಲ್ಲಿ ದಿನಕ್ಕೆ ಹತ್ತು ಸಲ ಹೊರಗೆ ಓಡಾಡುತ್ತಿದ್ದವಳು ಈಗ ಕಿಟಕಿಗೆ ಅಂಟಿಕೊಂಡು ಕೂರುತ್ತಾಳೆ. ಅದನ್ನು ನೋಡಿದಾಗಲೆಲ್ಲ ಸಪ್ನಾಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಯಾರ ಮೇಲೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಜಪ್ಪಯ್ಯ ಅಂದರೂ ಹುಡುಗಿ ಶೀಟಿನ ಮೇಲಿಂದ ಕೈ ತೆಗೆಯಲಿಲ್ಲ.

"ಜಗಳ ಎಂತಕ್ಕೆ ಮಾರಾಯ್ತಿ," ಎಂದ ಪ್ರೀತಮ್ ಅಣ್ಣ. "ಎಲ್ಲ ಪೀಸ್ ತಕೊಂಡು ಬರ್ತೇನೆ. ಗೋಡೆಗೆ ಹಿಡಿದು ನೋಡುವ."

ಸಂಜೆ ಮೂವರೂ ಆರನೇ ಫ್ಲೋರ್‌ನ ಲಿಫ್ಟಿನ ಎದುರು ನಿಂತರು. ಸದ್ದು ಕೇಳಿ ಅಜ್ಜಿಯೂ ಬಾಗಿಲಿಗೆ ಬಂದಳು.

ಮೊದಲು ಚಿನ್ನದ್ದು. ಪ್ರೀತಮ್ ಅಣ್ಣ ಆರರ ಅಂಕಿಯ ಹಿಂದೆ ಅದನ್ನು ಹಿಡಿದ. ಟ್ಯೂಬ್‌ಲೈಟ್ ಬಿದ್ದು ಕಣ್ಣು ಕೋರೈಸಿತು. ಬೋರ್ಡಿನಲ್ಲಿ ಕಾಕಾನ ಮೀಸೆ ಚೆನ್ನಾಗಿ ಕಂಡಿತು, ಆರು ಕಾಣಲಿಲ್ಲ.

"ಹೊಳಪು ಸ್ವಲ್ಪ ಜಾಸ್ತಿ ಆತು," ಎಂದು ಕಾಕಾ ಗೊಣಗಿದರು.

"ಈಗ ರೆಡ್," ಎಂದಳು ಸಪ್ನಾ, ಗೆದ್ದೇಬಿಟ್ಟೆ ಎಂಬಂತೆ. "ಅಜ್ಜೀ, ಲಿಫ್ಟಿನಾಗ ನಿಂತು ನೋಡು."

ಅಜ್ಜಿ ಲಿಫ್ಟಿನೊಳಗೆ ನಿಂತು ಕಣ್ಣು ಕಿರಿದು ಮಾಡಿದಳು. "ಕರಿದು ಐತಲ್ಲ."

"ಕೆಂಪೈತಿ ಅಜ್ಜಿ. ನಿನಗ ಕೆಂಪು ಸೇರತೈತಿ ಅಂತ ಎಷ್ಟ್ ಜಗಳಾ ಮಾಡೀನಿ ಗೊತ್ತೇನು?"

"ಸೀರಿಗೆ ಸೇರತೈತಿ. ಈ ಕಣ್ಣಿಗೆ ಸಂಜಿಮುಂದ ಕೆಂಪು, ಕರಿ ಎರಡೂ ಒಂದ. ಜಗಳಾ ಮಾಡೂಕಿಂತ ಮೊದಲ ನನ್ನ ಒಂದ್ ಮಾತು ಕೇಳಿದ್ದೇನು?"

ಸಪ್ನಾಳ ಕಿವಿ ಬಿಸಿಯಾಯಿತು. ಅವಳು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

ಅಜ್ಜಿ ಪ್ರೀತಮ್ ಅಣ್ಣನ ಚೀಲಕ್ಕೆ ಕೈ ಹಾಕಿ, ಒಂದೊಂದೇ ಪೀಸ್ ಎತ್ತಿ, ಕಣ್ಣಿನ ಹತ್ತಿರ ಹಿಡಿದು ನೋಡಿ ಬಿಸಾಕಿದಳು. ಕೊನೆಗೆ ಹಳದಿ ಬಂತು. ಅದನ್ನು ಅವನ ಕೈಗಿತ್ತು ಮತ್ತೆ ಲಿಫ್ಟಿನೊಳಗೆ ಹೋಗಿ ನಿಂತಳು.

"ಹಾಂ. ಅರಿಷಿಣದ ಬಣ್ಣ. ಇದು ಕಾಣತೈತಿ."

"ಒಂದ ಫ್ಲೋರ್‌ಗೆ ಹಳದಿ ಹಚ್ಚಿದ್ರ ಉಳಿದ ಮಂದಿ ಸುಮ್ನ ಬಿಡ್ತಾರೇನಬೇ?" ಎಂದರು ಕಾಕಾ.

"ಸಿದ್ಲಿಂಗ, ಚಾಳಿನಾಗ ನಿನ್ನ ಏನಂತಿದ್ರು?"

ಕಾಕಾ ಗೋಡೆ ನೋಡಿದರು. "ಹಸರು ಬಾಗಲದವ ಅಂತಿದ್ರು."

"ಸಣ್ಣಾಂವ ಇದ್ದಾಗ ಯಾವ ನಂಬರ್ ಓದಿ ಮನಿಗೆ ಬರ್ತಿದ್ದಿ?"

ಕಾಕಾ ಪ್ರೀತಮ್ ಅಣ್ಣನ ಚೀಲದೊಳಗೆ ಇಣುಕಿದರು. ಅವರ ಹೊಸ ಮನೆ ಹನ್ನೆರಡನೇ ಫ್ಲೋರ್‌ನಲ್ಲಿತ್ತು.

"ಹಸರು ಐತೇನಪಾ?" ಎಂದು ಪ್ರೀತಮ್ ಅಣ್ಣನನ್ನು ಕೇಳಿದರು. "ಹನ್ನೆರಡಕ್ಕ."

"ಬೇಕಾದಷ್ಟು ಬಣ್ಣ ಉಂಟು," ಎಂದ ಪ್ರೀತಮ್ ಅಣ್ಣ.

ಎಂಟು ದಿನಕ್ಕೆ ಒಂದೊಂದು ಫ್ಲೋರ್‌ಗೆ ಒಂದೊಂದು ಬಣ್ಣದಂತೆ ಎಲ್ಲ ಬೋರ್ಡ್ ಗೋಡೆಗೆ ಹತ್ತಿದವು. ಮರುದಿನ ಸಪ್ನಾ ಶಾಲೆಯಿಂದ ಬಂದಾಗ ಅಜ್ಜಿ ಚೀಲ ಹಿಡಿದು ಲಿಫ್ಟಿನ ಎದುರು ನಿಂತಿದ್ದಳು. ಸಪ್ನಾ ಬ್ಯಾಗ್ ಮನೆಯೊಳಗೆ ಎಸೆದು ಓಡಿಬಂದಳು.

"ನೀ ಎಲ್ಲಿಗೆ?"

"ನಿನ್ನ ಜೋಡಿ."

"ನಾ ಕರದ್ನೇನು?"

ಲಿಫ್ಟ್ ತೆರೆಯಿತು. ಒಳಗೆ ಆರರ ಗುಂಡಿಯ ಮೇಲೆ ಹಣೆಗೆ ಇಡುವ ಒಂದು ದಪ್ಪ ಟಿಕಳಿ ಅಂಟಿತ್ತು. ಬೆರಳಾಡಿಸಿದರೆ ಗೊತ್ತಾಗುವಂಥದ್ದು. ಅದು ಸಪ್ನಾಳದೇ ಟಿಕಳಿ; ಕೆಳಗಿನಿಂದ ಗುಂಡಿ ಎಣಿಸಿ ಅಜ್ಜಿಯೇ ಹಚ್ಚಿದ್ದಳು.

"ವಾಚ್‌ಮನ್ ಕಿತ್ತು ಒಗೀತಾನ ಅಜ್ಜಿ."

"ಒಗೀಲಿ. ನಿನ್ನ ಡಬ್ಬಿ ತುಂಬ ಅದಾವಲ್ಲ."

ಅಜ್ಜಿ ಒಬ್ಬಳೇ ಒಳಗೆ ಹೋದಳು, ಬಾಗಿಲು ಮುಚ್ಚಿತು. ಸಪ್ನಾ ಮೆಟ್ಟಿಲ ಕಡೆ ಓಡಿದಳು. ಅಜ್ಜಿಗಿಂತ ಮೊದಲು ಕೆಳಗೆ ತಲುಪಬಹುದಿತ್ತು. ಎರಡು ಮೆಟ್ಟಿಲು ಇಳಿದು ನಿಂತಳು. ಅಜ್ಜಿ ಕರೆದಿರಲಿಲ್ಲ.

ಆಮೇಲೆ ಹತ್ತಿ ಬಂದಳು. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಹೋಮ್‌ವರ್ಕ್ ತೆಗೆದಳು. ಅಜ್ಜಿಯನ್ನು ನೋಡಲು ಕಿಟಕಿಗೂ ಹೋಗಲಿಲ್ಲ.