ಬೊಂಬೆ ಮನೆಯ ಎಂಟು ಎತ್ತುಗಳು

ನಿವೃತ್ತ ಪೊಲೀಸ್ ದಫೇದಾರ್ ಲಕ್ಕಣ್ಣನ ಮೂಗಿನಂಥ ಮೂಗು ಇಡೀ ಮೈಸೂರು ರಾಜ್ಯದಲ್ಲಿ ಇನ್ನೊಂದಿರಲಿಲ್ಲ. ನಂದಿಬೆಟ್ಟದ ತುದಿಯಲ್ಲಿ ಒಬ್ಬ ಕಳ್ಳ ಬೆವರಿದರೆ ಸಾಕು, ಲಕ್ಕಣ್ಣ ಯಲಹಂಕದ ತನ್ನ ಜಗಲಿಯ ಮೇಲೆ ಕೂತು ಆ ಕಳ್ಳನ ಹೆಸರು, ಅವನಪ್ಪನ ಹೆಸರು, ಹಿಂದಿನ ರಾತ್ರಿ ಅವನು ಉಂಡದ್ದು ಹುರುಳಿ ಸಾರೋ ಅವರೆಕಾಳು ಸಾರೋ ಎಲ್ಲವನ್ನೂ ಹೇಳಿಬಿಡುತ್ತಿದ್ದ. ಬುದ್ಧಿವಂತ ಕಳ್ಳರು ಕಳ್ಳತನಕ್ಕೆ ಮಳೆಗಾಲವನ್ನೇ ಕಾಯುತ್ತಿದ್ದರು, ವಾಸನೆ ತೊಳೆದುಹೋಗಲಿ ಎಂದು. ನಂಬದವರು ಲಕ್ಕಣ್ಣನನ್ನೇ ಕೇಳಬಹುದಿತ್ತು. ಅವನು ಇದಕ್ಕಿಂತ ಹೆಚ್ಚೇ ಹೇಳುತ್ತಿದ್ದ.

ಅಂಥ ಮೂಗು 1958ರ ಬೇಸಿಗೆಯ ಒಂದು ಸೋಮವಾರ ಬೆಳಗ್ಗೆ ಒಂದು ಗಾಜಿನ ಪೆಟ್ಟಿಗೆಯ ಮುಂದೆ ಏನೂ ತೋಚದೆ ನಿಂತಿತ್ತು.

"ಎಂಟೂ ಹೋಗಿವೆ ದಫೇದಾರ್ರೇ," ಡ್ರಾಯಿಂಗ್ ಮೇಷ್ಟ್ರು ಆನಂದಪ್ಪನವರು ಪೆಟ್ಟಿಗೆಯ ಗಾಜು ತಟ್ಟಿದರು. "ಎಂಟಕ್ಕೆ ಎಂಟೂ!"

ಚರಿತ್ರೆ ಪುಸ್ತಕ ತೆರೆದರೆ ನಿದ್ದೆ ಹೋಗುವ ಮಕ್ಕಳಿಗೆ ಆ ಚರಿತ್ರೆಯನ್ನೇ ಕಣ್ಣೆದುರು ನಿಲ್ಲಿಸಬೇಕೆಂಬುದು ಮೇಷ್ಟ್ರ ಹುಚ್ಚು. ಅದಕ್ಕಾಗಿ ದೊಡ್ಡಮುನಿಯಪ್ಪನವರ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ಸುಣ್ಣ ಹೊಡೆಸಿ, ಗಾಜಿನ ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಬೆರಳುದ್ದದ ಬೊಂಬೆಗಳಲ್ಲಿ ಕೋಟೆ, ಕಾಳಗ, ದಸರಾ ಮೆರವಣಿಗೆ ಎಲ್ಲವನ್ನೂ ಕಟ್ಟಿದ್ದರು. ಊರವರು ಅದನ್ನು ಬೊಂಬೆ ಮನೆ ಎಂದರು. ಬೊಂಬೆಗಳನ್ನು ಮರದಲ್ಲಿ ಕೆತ್ತಿದವನು ಚನ್ನಪಟ್ಟಣದಿಂದ ಬಂದು ಯಲಹಂಕದಲ್ಲಿ ನೆಲೆಸಿದ್ದ ರಹಮತುಲ್ಲಾ. ಅವನು ಕೆತ್ತಿದ ಕುದುರೆಗಳನ್ನು ಕಿಟಕಿಯಲ್ಲಿ ಇಣುಕಿ ನೋಡಿದ ಜಟಕಾ ಕುದುರೆಯೊಂದು ನಾಚಿ ತಲೆ ತಗ್ಗಿಸಿತ್ತಂತೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯ ಮೇಲೆ 'ಊರು ಹುಟ್ಟಿದ ದಿನ' ಎಂದು ಬರೆದಿತ್ತು. ಕೆಂಪೇಗೌಡರು ಬೆಂಗಳೂರು ಕಟ್ಟುವಾಗ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿಸಿದರೆಂದು ಜನ ಹೇಳುವ ಕಥೆ. ನಾಲ್ಕು ನೇಗಿಲು, ನಾಲ್ವರು ಉಳುವವರು, ನಾಲ್ಕು ಜೋಡಿ ಬಿಳಿ ಎತ್ತು. ಈಗ ಉಳುವವರೇನೋ ಇದ್ದರು. ಬಾರುಕೋಲು ಎತ್ತಿ ಬರೀ ಗಾಳಿಗೆ ಹೊಡೆಯುತ್ತ ನಿಂತಿದ್ದರು. ಎತ್ತುಗಳು ಮಾತ್ರ ಇರಲಿಲ್ಲ.

"ಬಾಗಿಲು?" ಲಕ್ಕಣ್ಣ ಕೇಳಿದ.

"ನಿನ್ನೆ ಸಂಜೆ ಬೀಗ ಹಾಕಿದ ಹಾಗೇ ಇತ್ತು. ಈಗ ನಾನೇ ತೆಗೆದೆ."

"ಗಾಜು?"

"ಒಡೆದಿಲ್ಲ. ಮುಚ್ಚಳಕ್ಕೆ ಬೀಗ ಇಲ್ಲ, ಬರೀ ಕೊಂಡಿ."

"ಬೇರೇನು ಹೋಗಿದೆ?"

"ಏನೂ ಇಲ್ಲ! ಪಕ್ಕದಲ್ಲೇ ನೋಡಿ, ಅಂಬಾರಿ. ಅಪ್ಪಟ ಬೆಳ್ಳಿ ತಗಡು. ಅದನ್ನ ಮುಟ್ಟೇ ಇಲ್ಲ."

ಬೆಳ್ಳಿ ಬಿಟ್ಟು ಮರ ಕದಿಯುವ ಕಳ್ಳ! ಲಕ್ಕಣ್ಣ ಬಗ್ಗಿ ನೋಡಿದ. ನೊಗಗಳನ್ನು ನೇಗಿಲಿಗೆ ಒರಗಿಸಿ ನಿಲ್ಲಿಸಿತ್ತು. ಎತ್ತುಗಳ ಕೊರಳಿಗೆ ಕಟ್ಟಿದ್ದ ದಾರದ ಹಗ್ಗಗಳನ್ನು ಸುತ್ತಿ ಪಕ್ಕದಲ್ಲಿಟ್ಟಿತ್ತು.

"ಕಳ್ಳ ಅಚ್ಚುಕಟ್ಟಿನ ಮನುಷ್ಯ," ಎಂದ. ಮುಂದೇನೂ ಹೊಳೆಯಲಿಲ್ಲ. ಆದ್ದರಿಂದ ಕಸ ಗುಡಿಸುವ ಸೊಣ್ಣಮ್ಮನ ಕಡೆ ಗಂಭೀರವಾಗಿ ತಿರುಗಿದ.

"ಏನಮ್ಮ, ಎತ್ತು ಎಲ್ಲಿ?"

"ನನ್ನೇನ್ ಕೇಳ್ತೀಯ ದಫೇದಾರಪ್ಪ? ನಮ್ಮನೇಲಿರೋ ಒಂದು ಹಸೂಗೆ ಹುಲ್ಲು ಒಂದ್ಸೋಕಾಗ್ದೆ ಸಾಯ್ತಿವ್ನಿ. ಇನ್ನು ಈ ಎಂಟನ್ನ ಎಲ್ ಕಟ್ಲಿ?"

"ನಿನ್ನೆ ಗುಡಿಸುವಾಗ ಇದ್ವಾ?"

"ಇದ್ವು. ನನ್ ಸೆರಗು ಬೇಕಾದ್ರೂ ಒದರಿ ನೋಡ್ಕೋ. ಆಮೇಲೆ ನಿನ್ ಎಂಡ್ತಿಗೆ ನಾನೇ ಹೇಳ್ತೀನಿ."

ಲಕ್ಕಣ್ಣ ಆ ತನಿಖೆಯನ್ನು ಅಲ್ಲಿಗೇ ನಿಲ್ಲಿಸಿದ.

ಅಷ್ಟರಲ್ಲಿ ಕೊಟ್ಟಿಗೆಯ ಒಳಬಾಗಿಲು ಸರಿಸಿಕೊಂಡು ದೊಡ್ಡಮುನಿಯಪ್ಪನವರು ಬಂದರು. ಆ ಬಾಗಿಲಿನ ಆಚೆಗೇ ಅವರ ಮನೆಯ ಹಿತ್ತಿಲು. ಕೆಂಪಾಪುರದ ಕಡೆಯಿದ್ದ ಜಮೀನನ್ನೆಲ್ಲ ಬಡಾವಣೆಗೆ ಮಾರಿ, ನೇಗಿಲು ಕಟ್ಟಿಟ್ಟು ಕಾರು ಕೊಂಡ ಆಸಾಮಿ. ಆ ಕಾರು ಎಷ್ಟು ಉದ್ದ ಎಂದರೆ ಮುಂದಿನ ಚಕ್ರ ಹೆಬ್ಬಾಳ ದಾಟಿದರೂ ಹಿಂದಿನ ಚಕ್ರ ಯಲಹಂಕದಲ್ಲೇ ಇರುತ್ತಿತ್ತು. ಪೆಟ್ಟಿಗೆ ನೋಡಿ ಅವರು ಶಲ್ಯ ಕೊಡವಿದರು.

"ಓಗ್ಲಿ ಬುಡಿ ಮೇಷ್ಟ್ರೇ. ಎಲ್ಲೋಗ್ತವೆ? ನಾಳೆ ಬಂದ್ಬುಡ್ತವೆ."

"ಬೊಂಬೆ ಎತ್ತು ತಾವಾಗೇ ಬರ್ತಾವಾ ಗೌಡ್ರೇ?"

"ಬರ್ತವೆ ಕಣ್ರೀ. ಸುಮ್ಕಿರಿ."

ಮಂಗಳವಾರ ಬೆಳಗ್ಗೆ ಮೇಷ್ಟ್ರು ಬೀಗ ತೆಗೆದರು. ಎಂಟೂ ಎತ್ತು ನೊಗ ಹೊತ್ತು ನಿಂತಿದ್ದವು!

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸೊಣ್ಣಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ರಹಮತುಲ್ಲಾ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿ, "ನಾನು ಕೆತ್ತಿದ್ದೇ. ನಕಲಿ ಅಲ್ಲ," ಎಂದ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಲಕ್ಕಣ್ಣನಿಗೆ ಮಾತ್ರ ತಿಳಿಯಿತು. ಸಂಜೆಯೊಳಗೆ ಸಂತೆಬೀದಿಯ ಎಲ್ಲ ಅಂಗಡಿಗಳಿಗೂ ತಿಳಿಯಿತು. "ಕೇಸು ನನ್ನ ಕೈಗೆ ಬಂತು ಅಂತ ಕಿವಿಗೆ ಬಿದ್ದದ್ದೇ ತಡ, ಕಳ್ಳ ಹೆದರಿ ತಂದಿಟ್ಟ!"

ಮುಂದಿನ ಸೋಮವಾರ ಎಂಟೂ ಎತ್ತು ಮತ್ತೆ ಮಾಯವಾದವು.

ಈ ಸಲ ಸಂತೆಬೀದಿಯೇ ಬೊಂಬೆ ಮನೆಗೆ ಬಂದು ನಿಂತಿತು. "ಏನ್ ದಫೇದಾರ್ರೇ, ಕಳ್ಳನಿಗೆ ಹೆದರಿಕೆ ಬಿಟ್ಹೋಯ್ತಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಲಕ್ಕಣ್ಣನ ಕಿವಿ ಕೆಂಪಾಯಿತು. ಬೀಗ ನೋಡಿದ, ಭದ್ರ. ಕಿಟಕಿ ನೋಡಿದ, ಸರಳು ಅಲ್ಲಾಡಲಿಲ್ಲ. ಕದಿಯುವವನು ವಾಪಸ್ ಏಕೆ ಇಡುತ್ತಾನೆ? ವಾಪಸ್ ಇಟ್ಟವನು ಮತ್ತೆ ಏಕೆ ಕದಿಯುತ್ತಾನೆ? ಅವನು ಮೇಷ್ಟ್ರನ್ನು ಮೂಲೆಗೆ ಕರೆದುಕೊಂಡು ಹೋಗಿ ಅದೂ ಇದೂ ಮಾತಾಡಿದ. ಅಲ್ಲಿಂದ ಬಂದಾಗ ಮೇಷ್ಟ್ರ ಮುಖ ಬಿಗಿದಿತ್ತು.

"ರಹಮತುಲ್ಲಾ, ಬೀಗದ ಕೈ ಇರೋದು ಎರಡು. ಒಂದು ನನ್ನ ಹತ್ರ. ಇನ್ನೊಂದು?"

ಕೆಲಸದ ಬೆಂಚಿನ ಮುಂದೆ ಕೂತಿದ್ದ ರಹಮತುಲ್ಲಾ ಉಳಿ ಕೆಳಗಿಟ್ಟ. "ನನ್ನ ಹತ್ರ ಮೇಷ್ಟ್ರೇ. ನೀವೇ ಕೊಟ್ಟಿದ್ದು."

"ಅಂದ್ಮೇಲೆ...?"

"ಅಂದ್ಮೇಲೆ ಏನು? ನನ್ನ ಕೈಯಾರೆ ಮಾಡಿದ್ದನ್ನ ನಾನೇ ಕದೀಬೇಕಾ? ಬೇಕು ಅಂದ್ರೆ ಇನ್ನೆಂಟು ಕೆತ್ಕೊಳ್ತೀನಲ್ಲ!"

ಮಾತು ಸರಿಯಾಗಿಯೇ ಇತ್ತು. ಆದರೆ ಮೇಷ್ಟ್ರು ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತ ಜನ ಗುಸುಗುಸು ಎಂದರು. ರಹಮತುಲ್ಲಾ ಬೀಗದ ಕೈಯನ್ನು ಗಾಜಿನ ಮೇಲಿಟ್ಟ.

"ಈ ಊರಲ್ಲಿ ಯಾರ ಮನೆಗೆ ಹೋಗಿ ಬಾಗಿಲು ರಿಪೇರಿ ಮಾಡಿಲ್ಲ ನಾನು? ಬೀರು ಬೀಗ ಹಾಕದೆ ಹೊಲಕ್ಕೆ ಹೋಗಿಬಿಡೋರು ಎಲ್ಲ. ಕಳ್ಳ ಅನ್ನಿಸ್ಕೊಂಡೋನನ್ನ ನಾಳೆಯಿಂದ ಯಾರು ಹೊಸಿಲು ದಾಟಿಸ್ತಾರೆ? ಚನ್ನಪಟ್ಟಣಕ್ಕೇ ವಾಪಸ್ ಹೋಗ್ತೀನಿ ಮೇಷ್ಟ್ರೇ. ಸಂಜೆ ರೈಲಿದೆ."

ಒಳಬಾಗಿಲಲ್ಲಿ ನಿಂತಿದ್ದ ದೊಡ್ಡಮುನಿಯಪ್ಪನವರು ಬಾಯಿ ತೆರೆದರು. ಸುತ್ತ ನೆರೆದ ಜನರನ್ನು ನೋಡಿದರು. ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟರು.

ರಹಮತುಲ್ಲಾ ಉಳಿಪೆಟ್ಟಿಗೆ ಹೊತ್ತು ಹೊರಟ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಕ್ಕಣ್ಣ ಸ್ಟೇಷನ್ನಿಗೆ ಹೊರಟ. ರಹಮತುಲ್ಲಾನನ್ನು ಸಮಾಧಾನ ಮಾಡಿ ಕರೆತರಲು ಎಂದು ಆಮೇಲೆ ಹೇಳಿಕೊಂಡ. ಮಂಡಿನೋವಿನ ಆಸಾಮಿ, ನಡೆಯುವುದು ಬೇಡವೆಂದು ಬಾಡಿಗೆಗೆ ಎತ್ತಿನ ಗಾಡಿ ಹೊಡೆಯುವ ಮುನಿಆಂಜಿನಪ್ಪನನ್ನು ಹುಡುಕಿಕೊಂಡು ಹೋದ. ಹೊಂಗೆ ಮರದ ಕೆಳಗೆ ಗಾಡಿ ಮೂಕಿ ಮೇಲೆತ್ತಿ ನಿಂತಿತ್ತು. ಎತ್ತುಗಳು ಮೈ ತೊಳೆಸಿಕೊಂಡು ಮೆಲುಕು ಹಾಕುತ್ತಿದ್ದವು.

ಲಕ್ಕಣ್ಣ ಅವಸರದಲ್ಲಿ ಏನೇನೋ ಹೇಳಿ ಕೊನೆಗೆ, "ಕಟ್ಟು ಗಾಡಿ!" ಎಂದ.

ಮುನಿಆಂಜಿನಪ್ಪ ಮಲಗಿದ್ದಲ್ಲಿಂದ ಏಳಲಿಲ್ಲ. "ಇವತ್ತು ಆಗಾಕಿಲ್ಲ ದಫೇದಾರ್ರೇ."

"ಸರ್ಕಾರಿ ಕೆಲಸ ಕಣೋ!"

"ಯಾವ್ ಸರ್ಕಾರ ಆದ್ರೂ ಸರಿ. ಸೋಮವಾರ ಸಿವನ್ ದಿನ, ಬಸವಣ್ಣನ್ ಹೆಗಲ ಮೇಲೆ ನೊಗ ಇಡಾಕಿಲ್ಲ. ನೀವೇನ್ ಇಂಗ್ಲೆಂಡ್ನಾಗ್ ಹುಟ್ಟಿದ್ರಾ? ನಿಮ್ಮಪ್ಪ ಇಡ್ತಿದ್ನಾ?"

ಲಕ್ಕಣ್ಣನ ಅಪ್ಪ ಇಡುತ್ತಿರಲಿಲ್ಲ. ಅಜ್ಜನೂ ಇಡುತ್ತಿರಲಿಲ್ಲ. ಸುತ್ತಲ ಯಾವ ಹಳ್ಳಿಯಲ್ಲೂ ಯಾರೂ ಇಡುತ್ತಿರಲಿಲ್ಲ. ಬಯ್ಯಲು ತೆರೆದ ಲಕ್ಕಣ್ಣನ ಬಾಯಿ ಹಾಗೇ ನಿಂತಿತು. ಅವನ ತಲೆಯೊಳಗೆ ಎದ್ದ ಮಿಂಚಿಗೆ ಹೊಂಗೆ ಮರದ ಕಾಗೆಗಳು ಹಾರಿಹೋದವು. ಮಂಡಿನೋವು ಮರೆತು ಅವನು ಸ್ಟೇಷನ್ನಿನವರೆಗೂ ಓಡಿದ.

ರೈಲು ಇನ್ನೂ ಬಂದಿರಲಿಲ್ಲ. ರಹಮತುಲ್ಲಾ ಉಳಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ.

"ಏಳಯ್ಯ," ಏದುಸಿರು ಬಿಡುತ್ತಾ ಅಂದ. "ಕಳ್ಳ ಸಿಕ್ಕ. ನೀನಲ್ಲ."

ರಹಮತುಲ್ಲಾನ ಕಣ್ಣು ತುಂಬಿತು. "ಊರಲ್ಲಿ ನನ್ನ ನಂಬಿದೋರು ನೀವೊಬ್ರೇ ಸಾಹೇಬ್ರೇ."

ಲಕ್ಕಣ್ಣ ಅವನ ಉಳಿಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ.

ಬೊಂಬೆ ಮನೆಯಲ್ಲಿ ಮೇಷ್ಟ್ರು, ಸೊಣ್ಣಮ್ಮ, ರಹಮತುಲ್ಲಾ ಮೂವರೂ ಕೂತರು. ದೊಡ್ಡಮುನಿಯಪ್ಪನವರನ್ನೂ ಕರೆಸಿದ್ದಾಯಿತು. ಬಾಗಿಲ ತುಂಬ ಜನ. ಲಕ್ಕಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಮೇಷ್ಟ್ರೇ, ಕಳ್ಳ ಎತ್ತು ಕಿತ್ಕೊಂಡು ಹೋಗೋದಾದ್ರೆ ಹಗ್ಗ ಏನಾಗ್ಬೇಕು?"

"ಹರೀಬೇಕು."

"ಹರಿದಿಲ್ಲ. ಒಂದೊಂದೇ ಗಂಟು ಬಿಚ್ಚಿ, ಸುತ್ತಿ ಇಟ್ಟಿದ್ದಾನೆ. ನೊಗ ನೇಗಿಲಿಗೆ ಒರಗಿಸಿದ್ದಾನೆ. ಹೊಲದಿಂದ ಬಂದ ರೈತ ಏನು ಮಾಡ್ತಾನೆ ಹೇಳಿ?"

"ಹೀಗೇ ಮಾಡ್ತಾನೆ..."

"ಹಾಗಾದ್ರೆ ಇದು ಕಳ್ಳತನ ಅಲ್ಲ. ಎತ್ತು ಬಿಟ್ಟಿರೋದು! ಹೋದ ವಾರ ಹೋಗಿದ್ದು ಯಾವತ್ತು?"

"ಸೋಮವಾರ."

"ಇವತ್ತು?"

ಸೊಣ್ಣಮ್ಮ ಬಾಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಸಿವ್ನೇ! ನಮ್ಗೆ ಗೊತ್ತಿರೋದೇ!"

"ಗೊತ್ತಿರೋದೇ. ಅದಕ್ಕೇ ಯಾರ ಕಣ್ಣಿಗೂ ಬೀಳ್ಲಿಲ್ಲ. ಮೇಷ್ಟ್ರು ಮುಂಚೆ ಭಾನುವಾರ ಮಾತ್ರ ಬಾಗಿಲು ತೆಗೀತಿದ್ರು. ಈಗ ಶಾಲೆಗೆ ಬೇಸಿಗೆ ರಜ, ದಿನಾ ತೆಗೀತಾರೆ. ಅದಕ್ಕೆ ಈಗ ಗೊತ್ತಾಯ್ತು. ಎಷ್ಟು ಸೋಮವಾರದಿಂದ ನಡೀತಿದೆಯೋ ಆ ದೇವರಿಗೇ ಗೊತ್ತು! ಸರಿ, ಬಿಟ್ಟೋನು ಯಾರು? ಎತ್ತು ಇರೋನು ತನ್ನೆತ್ತಿನ ನೊಗ ಇಳಿಸಿ ಸುಮ್ಮನಾಗ್ತಾನೆ. ನೊಗ ಇಳಿಸೋ ಅಭ್ಯಾಸ ಕೈಯಲ್ಲಿದೆ, ಇಳಿಸೋಕೆ ಎತ್ತಿಲ್ಲ — ಅಂಥೋನು ಯಾರು? ಬೀಗ ಮುಟ್ಟದೆ ಒಳಗೆ ಬರೋನು ಯಾರು? 'ನಾಳೆ ಬಂದ್ಬುಡ್ತವೆ' ಅಂತ ಮೊದಲೇ ಹೇಳಿದೋನು ಯಾರು?"

ಎಲ್ಲರ ಕಣ್ಣೂ ಒಳಬಾಗಿಲಿನ ಕಡೆ ತಿರುಗಿದವು. ಆ ಬಾಗಿಲಿನ ಚಿಲಕ ಇದ್ದದ್ದು ಹಿತ್ತಿಲ ಕಡೆಗೆ.

ದೊಡ್ಡಮುನಿಯಪ್ಪನವರು ಮೆಲ್ಲಗೆ ಎದ್ದು ಬಾಗಿಲು ಪೂರ್ತಿ ತೆಗೆದರು.

ಹಿತ್ತಿಲಲ್ಲಿ ದನಗಳಿಗೆ ನೀರಿಡುತ್ತಿದ್ದ ಹಳೇ ಕಲ್ಲುಬಾನಿ. ಅದರ ನೆರಳಲ್ಲಿ ಬೆರಳುದ್ದದ ಎಂಟು ಬಿಳಿ ಎತ್ತು, ಸಾಲಾಗಿ. ಒಂದೊಂದರ ಮುಂದೆಯೂ ಚಿಟಿಕೆ ರಾಗಿಹುಲ್ಲು. ತೆಂಗಿನ ಚಿಪ್ಪಿನಲ್ಲಿ ನೀರು.

ಯಾರೋ ಕಿಸಕ್ಕೆಂದರು. ದೊಡ್ಡಮುನಿಯಪ್ಪನವರ ಮುಖ ಕಂದಿತು.

"ನಗ್ರಪ್ಪ. ಇಂಗೆ ನಗ್ತೀರ ಅಂತಾನೇ ಬಾಯ್ ಬುಡ್ಲಿಲ್ಲ. ಈ ಕೊಟ್ಟಿಗೇಲಿ ನಮ್ಮೆತ್ತು ಇದ್ವು. ಕೊನೇ ಜೋಡೀನ ದೇವನಹಳ್ಳಿ ಸಂತೇಲಿ ಕೊಟ್ಟು ಬಂದೆ. ಆಮೇಲೆ ಮೇಷ್ಟ್ರು ಇಲ್ಲೇ ಇವನ್ನ ತಂದಿಟ್ರು. ದಿನಾ ನೊಗದಾಗೇ ನಿಂತವೆ. ಸೋಮವಾರಾನೂ ನಿಂತವೆ. ಒಳ್ಗಿಂದ ನೋಡ್ತಾ ಕುಂತ್ಕೊಳ್ಳಾಕಾಗ್ಲಿಲ್ಲ." ಅವರು ರಹಮತುಲ್ಲಾನ ಕಡೆ ತಿರುಗಿದರು. "ಅದೆಲ್ಲ ಒಂದ್ಕಡೆ ಇರ್ಲಿ. ನಿನ್ ಮೇಲೆ ಕಳ್ತನ ಬಂದಾಗ ನಾನು ಹೇಳ್ಬೇಕಾಗಿತ್ತು. ನನ್ ಮರ್ವಾದಿ ನೋಡ್ಕೊಂಡೆ, ನಿಂದು ಹೋಯ್ತು. ಅದು ದೊಡ್ ತಪ್ಪು ಕಣಪ್ಪ. ನಾಳೆ ನಿನ್ ಜೊತೇಲಿ ಮನೆ ಮನೆಗೂ ನಾನೇ ಬಂದು ಹೇಳ್ತೀನಿ."

ರಹಮತುಲ್ಲಾ ಬಗ್ಗಿ ಒಂದು ಎತ್ತನ್ನು ಕೈಗೆತ್ತಿಕೊಂಡು ಅದರ ಮೂತಿ ಒರೆಸಿದ. "ನೀರು ಹಾಕ್ಬೇಡಿ ಗೌಡ್ರೇ," ಎಂದ. "ಬಣ್ಣ ಏಳುತ್ತೆ. ಹುಲ್ಲು ಸಾಕು."

ಮೇಷ್ಟ್ರು ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟರು. ಅವನು ತೆಗೆದುಕೊಂಡ.

ಇಲ್ಲಿಗೆ ಲಕ್ಕಣ್ಣ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ.

"ಮೊದಲನೇ ದಿನಾನೇ ಗೊತ್ತಿತ್ತು ನನಗೆ," ಎಂದು ಜನರ ಕಡೆ ತಿರುಗಿದ. "ಹಗ್ಗದ ಗಂಟು ನೋಡಿದ ಗಳಿಗೇಲೇ ಗೊತ್ತಿತ್ತು. ಸಾಕ್ಷಿ ಬಲವಾಗ್ಲಿ ಅಂತ ಕಾದೆ. ಇಡೀ ಊರು ರಹಮತುಲ್ಲಾನ್ನ ಕಳ್ಳ ಅಂದ್ರೂ ಒಂದು ನಿಮಿಷ, ಒಂದೇ ಒಂದು ನಿಮಿಷ ನಾನು..."

"ಓ, ಇಲ್ಲವ್ರಾ ದಫೇದಾರ್ರು!" ಮುನಿಆಂಜಿನಪ್ಪ ಜನರ ನಡುವೆ ತೂರಿಕೊಂಡು ಬಂದ. "ಎಂಗಾಯ್ತು? 'ಆ ರಹಮತ್ತು ಎತ್ತು ಪೆಟ್ಟಿಗೇಲಿ ಇಟ್ಕೊಂಡು ರೈಲ್ ಹತ್ತಾಕ್ ಹೊಂಟವ್ನೆ, ಪೆಟ್ಟಿಗೆ ಒಡೆಸಿ ಕೈಗೆ ಹಗ್ಗ ಹಾಕಿ ತರ್ಬೇಕು, ಕಟ್ಟೋ ಗಾಡಿ' ಅಂತ ಬಂದ್ರಲ್ಲ, ಸಿಕ್ನಾ ಅವ್ನು?"

ರಹಮತುಲ್ಲಾ ಮೆಲ್ಲನೆ ತಿರುಗಿದ.

"ನಿಜಾನಾ ಸಾಹೇಬ್ರೇ?"

"ಅದೊಂದು ಉಪಾಯ ಕಣಯ್ಯ. ನಿಜವಾದ ಕಳ್ಳನ ದಿಕ್ಕು ತಪ್ಪಿಸೋಕೆ..."

"ಯಾವ್ ಕಳ್ಳ?" ಎಂದಳು ಸೊಣ್ಣಮ್ಮ.

ಲಕ್ಕಣ್ಣ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ನೆಲ ನೋಡುತ್ತಿದ್ದರು. ಅವರು ಹೇಳಿಬಿಡುವ ಮೊದಲು ತಾನೇ ಹೇಳಬೇಕಿತ್ತು. ಅವನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ.

"ನಿಜ ರಹಮತ್ತು. ಈ ಮುನಿಆಂಜಿನಪ್ಪ ಸೋಮವಾರ ನೊಗ ಇಡಲ್ಲ ಅನ್ನೋವರೆಗೂ ನನಗೆ ಏನೇನೂ ಹೊಳೆದಿರಲಿಲ್ಲ. ಸಂತೇಲಿ ಜನ ನಗ್ತಿದ್ರು. ಯಾರನ್ನಾದ್ರೂ ಹಿಡೀಲೇಬೇಕಾಗಿತ್ತು." ದನಿ ತೀರ ಸಣ್ಣದಾಯಿತು. "ಮೇಷ್ಟ್ರಿಗೆ ನಿನ್ನ ಮೇಲೆ ಅನುಮಾನಾನೇ ಇರಲಿಲ್ಲ. ಮೂಲೆಗೆ ಕರ್ಕೊಂಡ್ಹೋಗಿ ನಿನ್ನ ಹೆಸರು ಹೇಳಿದೋನು ನಾನು."