ಸೀಳಿದ ಸಾಬೂನು ತಟ್ಟೆಗಳು

ಭಟ್ಟಿಯ ಮುಚ್ಚಳ ಎತ್ತಿದ ಕೆಲಸಗಾರ ಮಹೇಂದರನ ಕೈ ಹಾಗೇ ನಿಂತಿತು. ಒಳಗಿದ್ದ ಗಾಜಿನ ಸಾಬೂನು ತಟ್ಟೆಗಳಲ್ಲಿ ಒಂದೂ ಇಡಿಯಾಗಿ ಉಳಿದಿರಲಿಲ್ಲ.

ಮಕ್ತಲಿನ ಶರಣಯ್ಯನ ಶೆಡ್ಡಿನಲ್ಲಿ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ, ಭಟ್ಟಿಯಲ್ಲಿ ಕರಗಿಸಿ, ಒಂದಾಗಿ ಬೆಸೆದು ದಿನಬಳಕೆಯ ತಟ್ಟೆ ಮಾಡುತ್ತಾರೆ. ಇವು ಮರುದಿನ ಗದ್ವಾಲದ ಲಾಡ್ಜಿಗೆ ಹೋಗಬೇಕಿತ್ತು.

“ಝಾನ್ಸೀ, ಹೊಂದದ ಗಾಜು ಕೂಡಿಸಿದರ ಒಡೀತಾವಂತ ಎಷ್ಟು ಸಲ ಹೇಳೀನಿ?” ಶರಣಯ್ಯ ಕೇಳಿದ. “ಇವತ್ತಿಗೆ ಮುಗೀತು. ಹೋಗು.”

ಗಾಜು ಕೊರೆದು ಜೋಡಿಸುವವಳು ಝಾನ್ಸಿ. ಈ ಕೆಲಸ ಹೋದರೆ ಕೂಸು ಕಟ್ಟಿಕೊಂಡು ಗಂಡನ ಹಿಂದೆ ಪುಣೆಗೆ, ಇಟ್ಟಿಗೆ ಹೊರಲು.

“ನಾ ಕಲಸಿಲ್ರಿ. ಎಲ್ಲಾ ಒಂದ ಪೆಟ್ಟಿಗಿ ಗಾಜು.”

“ಹಂಗಾದ್ರ ತಾವ ಒಡಕೊಂಡವೇನು?” ಊಟದ ಗಂಟು ತಂದಿದ್ದ ಶರಣಯ್ಯನ ಅಕ್ಕ ಹಂಪಮ್ಮ ನಡುವೆ ಬಾಯಿ ಹಾಕಿದಳು. “ಕಣ್ಣು ಮೊಬೈಲ್‌ನ್ಯಾಗ, ಕೈ ಗಾಜಿನ್ಯಾಗ.”

ಗದ್ದಲ ಕೇಳಿ ಪಕ್ಕದ ಮನೆಯ ಗಂಗಾಂಬಿಕಾ ಬಂದರು—ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಒಂದು ಚೂರಿನ ಅಂಚಿಗೆ ಬೆರಳಿಟ್ಟರು. ರಕ್ತ ಬಂತು.

“ಮಹೇಂದರ್, ಕರಗೋ ಮೊದಲ ಒಡೆದಿದ್ದರ?”

“ಅಂಚು ಕರಗಿ ನುಣ್ಣಗಾಗತಾವ್ರಿ.”

“ಗಾಜಿಗೆ ಗಾಜು ಹೊಂದದಿದ್ದರ?”

“ಬೆಸುಗೆಗುಂಟ ಬಿರುಕು ಬಿಡತಾವ್ರಿ.”

“ಇವು ಬೆಸುಗೆ ದಾಟಿ ಅಡ್ಡ ಸೀಳ್ಯಾವು. ಯಾವಾಗ ಒಡೆದ್ವು?”

“ಬಿಸಿ ಆರೋವಾಗ ತಂಪು ತಾಕಿದರ ಹಿಂಗಾಗತಾವ್ರಿ… ಆದರ ನಾ ತೆರೆದಿಲ್ರಿ. ನಿನ್ನೆ ಬಂದ್ ಮಾಡಿದವ ಈಗ ಮುಟ್ಟಿದ್ದು.”

“ಶೆಡ್ಡಿನ ಚಾವಿ ಯಾರ ಹತ್ರ?”

“ನನ್ನ ಹತ್ರ, ಮಹೇಂದರ್ ಹತ್ರ, ಮನ್ಯಾಗೊಂದು,” ಎಂದ ಶರಣಯ್ಯ.

ಗಂಗಾಂಬಿಕಾ ಇನ್ನೊಂದು ಚೂರನ್ನು ಬೆಳಕಿಗೆ ಹಿಡಿದರು. ಮೇಲೆ ಕಂದು ಚುಕ್ಕಿಗಳು. ಉಗುರಿನಿಂದ ಕೆರೆದರೆ ಉದುರಿದವು.

“ಹಂಪಮ್ಮಾ, ಹಸಿವಾಗೈತಿ. ಒಂದು ರೊಟ್ಟಿ ಕೊಡ್ರಿ.”

ಕೊಟ್ಟ ರೊಟ್ಟಿ ಅವರ ಕೈಯಲ್ಲಿ ಪಟ್ಟನೆ ಮುರಿಯಿತು.

“ವಾರದಿಂದ ಮೋಡ. ನಮ್ಮನಿ ರೊಟ್ಟಿ ಅರಿವಿ ಆದಂಗ ಮೆತ್ತಗಾಗ್ಯಾವ. ನಿಮ್ಮವು ಹೆಂಗ ಕಟಕಟ ಅಂತಾವ್ರಿ?”

“ಒಲಿ ಮ್ಯಾಲ ಒಣಗಿಸೀನಿ.”

“ಯಾವ ಒಲಿ? ಸಿಲಿಂಡರ್ ಖಾಲಿ ಆಗೈತಂತ ನಿನ್ನೆ ನಮ್ಮನ್ಯಾಗ ರೊಟ್ಟಿ ಬಡಿದು, ಇನ್ನೂ ಮೆತ್ತಗಿದ್ದಾಗ ಒಯ್ದ್ರಿ.”

ಹಂಪಮ್ಮ ಗಂಟು ಕಟ್ಟತೊಡಗಿದಳು.

“ಈ ಚುಕ್ಕಿ ಜೋಳದ ಹಿಟ್ಟು,” ಎಂದರು ಗಂಗಾಂಬಿಕಾ. “ಎಲ್ಲರೂ ಬಿರುಕು ನೋಡಿದ್ರಿ, ಇದನ್ನ ನೋಡಲಿಲ್ಲ. ಗಾಜು ಕರಗೋ ಕಾವಿನ್ಯಾಗ ಇದ್ದಿದ್ದರ ಸುಟ್ಟು ಹೋಗ್ತಿತ್ತು. ಬರೇ ಕೆಂಪಾಗೈತಿ. ಅಂದರ ಭಟ್ಟಿ ಬಂದಾದ ಮ್ಯಾಲ ಬಂದದ್ದು. ಪುಕ್ಕಟೆ ಕಾವು ಐತಂತ ಬಿಸಿ ಗಾಜಿನ ಮ್ಯಾಲ ತಣ್ಣನ ಹಸಿ ರೊಟ್ಟಿ ಹಾಸಿದವರು ನೀವು, ಹಂಪಮ್ಮಾ.”

ಹಂಪಮ್ಮ ಗಂಟು ಕೆಳಗಿಟ್ಟಳು.

“ರೊಟ್ಟಿ ತಗೀವಾಗ ಒಡೆದದ್ದು ನೋಡಿದೆ,” ಎಂದಳು ಹಂಪಮ್ಮ. “ತಮ್ಮ ಬೈತಾನಂತ ಅಂಜಿದೆ.”

“ಈಕಿ ಮ್ಯಾಲ ತಪ್ಪು ಹಾಕಾಕ ಅಂಜಿಕಿ ಬರಲಿಲ್ಲೇನು?” ಗಂಗಾಂಬಿಕಾ ಕೇಳಿದರು.

ಶರಣಯ್ಯ ಗದ್ವಾಲಕ್ಕೆ ಫೋನ್ ಹಚ್ಚಿದ. “ತಟ್ಟೆ ತಡ ಆಗ್ತಾವ್ರಿ… ಕೆಲಸದವರ ತಪ್ಪಲ್ರಿ. ನಮ್ಮಕ್ಕ ಭಟ್ಟ್ಯಾಗ ರೊಟ್ಟಿ ಒಣಗಿಸಿದಳು.” ಆ ಕಡೆ ನಗು ಕೇಳಿಸಿತು. ಶೆಡ್ಡಿನಲ್ಲಿ ಯಾರೂ ನಗಲಿಲ್ಲ.

“ಕೂಡವ್ವಾ,” ಎಂದ ಝಾನ್ಸಿಗೆ.

ಅವಳು ಕೂರಲಿಲ್ಲ. “ನನಗ ಹೋಗು ಅಂದ್ರಿ. ಅಕ್ಕಾರಿಗೆ ಏನಂತೀರಿ?”

ಶರಣಯ್ಯ ಅಕ್ಕನ ಕಡೆ ತಿರುಗಿದ. ಹಂಪಮ್ಮನೇ ಸೆರಗು ಸಿಕ್ಕಿಸಿ ನೆಲಕ್ಕೆ ಕೂತು, ಒಡೆದ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

“ಅಂಚು ನೋಡಿ ಹಿಡೀರಿ,” ಎಂದು ಝಾನ್ಸಿ ಹೊಸ ಗಾಜು ಎಳೆದುಕೊಂಡು ಕೊರೆಯಲು ಕೂತಳು.